ಪಕ್ಕದ ಮನೆ ಆಂಟಿಯ ಬೀಗರು

ಆ ಆಂಟಿಯ ಹಣೆಯ ಮೇಲೆ ಅಮೆರಿಕದ ಕ್ವಾರ್ಟರ್ ನಾಣ್ಯದಷ್ಟು ಅಗಲದ ಕುಂಕುಮ ಇರುತ್ತಿತ್ತು. ಅಂಟಿಸುವ ಸ್ಟಿಕರ್ ಅಲ್ಲ. ಮೇಣ ಹಚ್ಚಿ, ಅದರ ಮೇಲೆ ಪುಡಿ ಒತ್ತಿ ಇಟ್ಟ ಅಚ್ಚ ಕೆಂಪು ಕುಂಕುಮ. ನಾವು ನ್ಯೂಜೆರ್ಸಿಯ ಹಿಲ್ಸ್‌ಬರೋದ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ, ನಾನು ಕಾಫಿ ಲೋಟ ಹಿಡಿದು ಹಿತ್ತಲ ಕಡೆಯ ಮರದ ಜಗಲಿ, ಡೆಕ್ ಮೇಲೆ ನಿಂತಿದ್ದೆ. ಬೇಲಿಯಾಚೆ ಅವರು ನೂಲಿನ ಸೀರೆ ಉಟ್ಟುಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. ಅವರ ಹಣೆಯಿಂದ ಒಂದು ಗೇಣು ದೂರದಲ್ಲಿ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಹಸಿರು ಹಕ್ಕಿ ಗಾಳಿಯಲ್ಲೇ ನಿಂತಿತ್ತು. ರೆಕ್ಕೆ ಕಾಣುತ್ತಿರಲಿಲ್ಲ, ಅದರ ಗುಂಯ್ ಎನ್ನುವ ಸದ್ದು ಮಾತ್ರ ನನ್ನವರೆಗೂ ಕೇಳುತ್ತಿತ್ತು. ಸೂಜಿಯಂಥ ಕೊಕ್ಕನ್ನು ಕುಂಕುಮದ ಕಡೆ ಚಾಚಿತು, ಹಿಂದಕ್ಕೆ ಸರಿಯಿತು, ಎಡಕ್ಕೆ ಹೋಗಿ ನೋಡಿತು, ಬಲಕ್ಕೆ ಬಂದು ನೋಡಿತು. ಇದರಲ್ಲಿ ತನಗೆ ಏನೂ ಸಿಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸರ್ರನೆ ಮರದ ಕಡೆ ಹಾರಿತು. ಆಮೇಲೆ ಆಂಟಿ ಕಣ್ಣು ಮಿಟುಕಿಸಿದರು.

"ಇದು ಹೊಸಾ ಹಕ್ಕಿ. ಹಳೇವು ನನ್ನ ಹಣಿಗೆ ಮೋಸ ಹೋಗೂದಿಲ್ಲ," ಎಂದು ನನ್ನ ಕಡೆ ತಿರುಗಿ ಹೇಳಿದರು. "ನೀ ಹೊಸಾ ಮನೀಯಾಕಿ ಏನು? ಕನ್ನಡದವರಂತಲ್ಲ? ಆ ಲೋಟ ಅಲ್ಲೇ ಇಟ್ಟು ಈಕಡೆ ಬಾ. ಗದ್ದಲಾ ಮಾಡಬ್ಯಾಡ."

ನಾನು ಮೈಸೂರಿನವಳು. ಬಾಯಿತುಂಬ "ಬನ್ನಿ, ಕೂತ್ಕೊಳ್ಳಿ" ಎನ್ನುವವರ ನಡುವೆ ಬೆಳೆದವಳು. ಪರಿಚಯವೇ ಇಲ್ಲದವರು ಮೊದಲ ಮಾತಿಗೇ "ಗದ್ದಲ ಮಾಡಬ್ಯಾಡ" ಎಂದದ್ದು ನನಗೆ ಸ್ವಲ್ಪ ಚುರುಕ್ಕೆಂದಿತು. ಆದರೂ ಹೋದೆ. ಹಾಗೆ ಹೋದವಳು ಅವರು ಇದ್ದಷ್ಟು ವರ್ಷವೂ ಆ ಬೇಲಿಯ ಗೇಟು ದಾಟುತ್ತಲೇ ಇದ್ದೆ.

ಆಂಟಿ ಧಾರವಾಡದವರು. ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಳು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಅವರ ಹಿತ್ತಲಿಗೆ ಹಮ್ಮಿಂಗ್‌ಬರ್ಡ್‌ಗಳು ಬರುತ್ತಿದ್ದವು. ಅವರು ಆ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. "ಬೀಗರು ಬಂದಾರ" ಎನ್ನುತ್ತಿದ್ದರು. ನಮ್ಮ ಕಡೆ ಬೀಗರು ಎಂದರೆ ಮಗನಿಗೋ ಮಗಳಿಗೋ ಮದುವೆಯಾದ ಮೇಲೆ ಸಿಗುವವರು. ಅವರ ಕಡೆ ಮನೆಗೆ ಬರುವ ನೆಂಟರೆಲ್ಲ ಬೀಗರೇ. ಈ ಹೆಸರು ಯಾಕೆ ಎಂದು ಕೇಳಿದ್ದಕ್ಕೆ, "ನೋಡ, ಕರೀಲಾರದ ಬರ್ತಾವ, ಹೊಟ್ಟಿ ತುಂಬ ಉಣ್ತಾವ, ಉಂಡ ಮನ್ಯಾಗ ಜಗಳಾ ಮಾಡ್ತಾವ. ಮತ್ತೇನಂತ ಕರೀಲಿ?" ಎಂದರು.

ಜಗಳದ ಮಾತು ಸುಳ್ಳಲ್ಲ. ಚಿತ್ರಗಳಲ್ಲಿ ಈ ಹಕ್ಕಿ ಎಷ್ಟು ಸಾಧುವಾಗಿ ಕಾಣುತ್ತದೋ ನಿಜದಲ್ಲಿ ಅಷ್ಟು ಜಗಳಗಂಟ. ಕೊರಳಲ್ಲಿ ಕೆಂಪು ಇರುವ ಗಂಡು ಎದುರಿನ ರೆಂಬೆಯ ಮೇಲೆ ಕೂತು, ಆಂಟಿ ತೂಗುಹಾಕಿದ್ದ, ಮುಚ್ಚಳದಲ್ಲಿ ಸಣ್ಣ ತೂತುಗಳಿದ್ದ ಸಕ್ಕರೆ ನೀರಿನ ಬಟ್ಟಲನ್ನು ಕಾಯುತ್ತಿತ್ತು. ಬೇರೆ ಹಕ್ಕಿ ಹತ್ತಿರ ಬಂದರೆ ಸಾಕು, ಅಟ್ಟಿಸಿಕೊಂಡು ಹೋಗುತ್ತಿತ್ತು. ತಾನೂ ಕುಡಿಯುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಆಂಟಿ ಅದಕ್ಕೆ ಎರಡು ಪಂಕ್ತಿ ಮಾಡಿದ್ದರು. ಒಂದು ಬಟ್ಟಲು ಹಿಂದಿನ ಡೆಕ್‌ನಲ್ಲಿ, ಇನ್ನೊಂದು ಗ್ಯಾರೇಜಿನ ಪಕ್ಕದ ಗೋಡೆಗೆ. ಒಂದರಿಂದ ಇನ್ನೊಂದು ಕಾಣಬಾರದು, ಅದು ಮುಖ್ಯ. "ಎರಡೂ ಕಡೆ ಕಾವಲಾ ಕೂಡಲಿಕ್ಕೆ ಅದಕ್ಕೂ ಆಗೂದಿಲ್ಲ. ಅಷ್ಟರಾಗ ಬಡವರು ಉಂಡು ಹೋಗ್ತಾರ," ಎಂದು ನಗುತ್ತಿದ್ದರು. ಬಡವರು ಎಂದರೆ ಹೆಣ್ಣು ಹಕ್ಕಿಗಳು, ಮರಿಗಳು.

ಒಂದು ಕಪ್ ಬಿಳಿ ಸಕ್ಕರೆ, ನಾಲ್ಕು ಕಪ್ ನೀರು. ಕುದಿಸುವುದು, ಪೂರ್ತಿ ಆರಿಸುವುದು, ತುಂಬುವುದು. ಇಷ್ಟೇ. ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ನೀರು ಕಂಡರೆ ಅವರಿಗೆ ಮೈಯುರಿ. "ಬಟ್ಟಲಾ ಕೆಂಪದ, ಅಷ್ಟು ಸಾಲದೇನು? ಹೊಟ್ಯಾಗೂ ಬಣ್ಣಾ ಯಾಕ?" ಆದರೆ ಅವರ ನಿಜವಾದ ಕಟ್ಟುನಿಟ್ಟು ತೊಳೆಯುವುದರಲ್ಲಿತ್ತು. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬಟ್ಟಲು ಇಳಿಸಿ, ಉಳಿದದ್ದನ್ನು ಚೆಲ್ಲಿ, ಹಾಲಿನ ಬಾಟಲಿ ತೊಳೆಯುವ ಬ್ರಶ್ಶಿನಿಂದ ಒಂದೊಂದು ತೂತನ್ನೂ ಉಜ್ಜಿ, ಬಿಸಿನೀರಲ್ಲಿ ಜಾಲಿಸುತ್ತಿದ್ದರು. ಅದೂ ಸ್ನಾನ ಮಾಡಿದ ಮೇಲೆಯೇ. ಅವರ ತಾಯಿ ಮಡಿ ಮಾಡುತ್ತಿದ್ದರಂತೆ. ಆ ಮಡಿ ದೇಶ ಬಿಟ್ಟು ಬಂದು ಹಕ್ಕಿಯ ಬಟ್ಟಲಿಗೆ ಅಂಟಿಕೊಂಡಿತ್ತು. ಒಮ್ಮೆ ನಾನು, "ಅರ್ಧ ಹಾಗೇ ಇದೆಯಲ್ಲ ಆಂಟಿ, ಮೇಲಿಂದ ಸ್ವಲ್ಪ ತುಂಬಿಸಿದರೆ ಆಗಲ್ವಾ?" ಎಂದೆ.

"ಹಳಸಿದ್ದು ದೇವರ ಮುಂದ ಇಡ್ತಿಯೇನು?"

"ಇಲ್ಲ."

"ಮತ್ತ ಇದರ ಮುಂದ ಯಾಕ ಇಡ್ತಿ?"

ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಮಡಿಯವರ ಹಿತ್ತಲಲ್ಲಿ ಕೊಳೆತ ಬಾಳೆಹಣ್ಣಿನ ಸಿಪ್ಪೆಯ ಬುಟ್ಟಿಯೊಂದು ನೇತಾಡುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ಅದರ ಸುತ್ತ ಸಣ್ಣ ನೊಣಗಳು ಮುತ್ತುತ್ತಿದ್ದವು, ಹಕ್ಕಿಗಳು ಗಾಳಿಯಲ್ಲೇ ಅವನ್ನು ಹಿಡಿದು ನುಂಗುತ್ತಿದ್ದವು. "ಬರೇ ಪಾಯಸಾ ಉಂಡ್ರ ಮೈ ಹಿಡೀತದೇನು? ಬ್ಯಾಳಿನೂ ಬೇಕಲ್ಲ," ಎನ್ನುವುದು ಅವರ ವಾದ. ಮನೆಯೊಳಗೆ ಒಂದು ಧೂಳಿನ ಕಣ ಸಹಿಸದವರು ಸೂರಿನ ಕೆಳಗಿನ ಜೇಡರ ಬಲೆಗೆ ಮಾತ್ರ ಪೊರಕೆ ತಾಗಿಸುತ್ತಿರಲಿಲ್ಲ. ಹೆಣ್ಣು ಹಕ್ಕಿ ಆ ಎಳೆಗಳನ್ನು ಕೊಕ್ಕಿನಲ್ಲಿ ಸುತ್ತಿಕೊಂಡು ಹೋಗಿ ಗೂಡು ಬಿಗಿಯುತ್ತದಂತೆ. ದೀಪಾವಳಿಗೆ ಬಂದವರು ಬಲೆ ನೋಡಿ ಮುಖ ಮುಖ ನೋಡಿಕೊಂಡರೆ ಆಂಟಿಗೆ ಅದೇನೋ ಖುಷಿ. ಅವರ ಮಕ್ಕಳನ್ನು ಕರೆದು ತೋರಿಸುತ್ತಿದ್ದರು.

ಕುಂಕುಮದ ವಿಷಯಕ್ಕೆ ಬರುತ್ತೇನೆ. ಎರಡನೆಯ ವರ್ಷ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಪರಿಚಯದ ಹೆಂಗಸರನ್ನೆಲ್ಲ ಕರೆದಿದ್ದೆ. ಆರತಿಯಾದ ಮೇಲೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ಬರುತ್ತಿದ್ದೆ. ಆಂಟಿ ಸೋಫಾದ ತುದಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿದ್ದ ಒಬ್ಬಾಕೆ ನನ್ನ ಸೆರಗು ಎಳೆದು, "ಅವರಿಗೆ ಕೊಡಬೇಡಿ, ಹಸ್ಬೆಂಡ್ ಇಲ್ಲ. ಅಷ್ಟು ದೊಡ್ಡದು ಯಾಕೆ ಇಟ್ಕೋತಾರೋ," ಎಂದು ಪಿಸುಗುಟ್ಟಿದಳು. ಪಿಸುಮಾತು ಅಂದುಕೊಂಡಿದ್ದಳು, ಇಡೀ ಲಿವಿಂಗ್ ರೂಮಿಗೆ ಕೇಳಿಸಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಂಟಿ ಮಾತ್ರ ಕೈ ಚಾಚಿ ತಟ್ಟೆಯಿಂದ ಚಿಟಿಕೆ ಕುಂಕುಮ ತೆಗೆದುಕೊಂಡು ಇದ್ದ ಕುಂಕುಮದ ಮೇಲೇ ಒತ್ತಿಕೊಂಡರು. "ನನ್ನ ಹಣಿ ನೋಡಿ ಹಕ್ಕಿ ಬರ್ತಾವ್ರೀ," ಎಂದರು ಆಕೆಗೆ, ಬಹಳ ಸಮಾಧಾನವಾಗಿ. "ನಮ್ಮ ಮನೆಯವರು ಹೋದ್ರು, ನೀವು ಇನ್ನ ಬರಬ್ಯಾಡ್ರಿ ಅಂತ ಅವಕ್ಕ ಹೇಳಿ ಕಳಸಲೇನು?" ಆಮೇಲೆ ನನ್ನ ಕಡೆ ತಿರುಗಿ, "ಕೋಸಂಬರಿ ಭಾಳ ಛೊಲೋ ಆಗೇದ, ಇನ್ನೊಂದೀಟು ಕೊಡವಾ," ಎಂದರು. ಆ ದಿನದಿಂದ ನನಗೆ ಅವರ ಮೇಲೆ ಹುಟ್ಟಿದ್ದು ಗೌರವ ಮಾತ್ರವಲ್ಲ. ನನಗೂ ಒಂದು ದಿನ ಇಂಥ ಮಾತು ಬಾಯಿಗೆ ಬರಲಿ ಎಂಬ ಆಸೆಯೂ ಹುಟ್ಟಿತು.

ಇಂಥ ಗಟ್ಟಿ ಹೆಂಗಸಿಗೆ ಒಂದೇ ಒಂದು ಹೆದರಿಕೆ ಇತ್ತು. ತಾನು ಇಲ್ಲದಾಗ ಹಕ್ಕಿ ಬಂದು, ಬಟ್ಟಲು ಖಾಲಿ ಇದ್ದು, ಹಸಿದು ಹೋಗಬಾರದು. ಗಂಡ ಆಸ್ಪತ್ರೆಯಲ್ಲಿದ್ದ ಕೊನೆಯ ಬೇಸಿಗೆಯಲ್ಲಿ ಅವರು ಹಗಲೂ ರಾತ್ರಿ ಅಲ್ಲೇ ಇದ್ದರಂತೆ. ಬಟ್ಟೆ ತರಲು ಮನೆಗೆ ಬಂದ ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡಿದರೆ, ಒಣಗಿದ ಬಟ್ಟಲಿನ ಒಂದು ತೂತಿಗೆ ಹಕ್ಕಿ ಕೊಕ್ಕು ಹಾಕಿತು. ಏನೂ ಇಲ್ಲ. ಪಕ್ಕದ ತೂತಿಗೆ ಹಾಕಿತು. ಹೀಗೆ ಎಲ್ಲ ತೂತು ನೋಡಿ, ಮತ್ತೆ ಮೊದಲನೆಯದಕ್ಕೆ ಬಂತು. "ಬಾಯಿಲ್ಲ ಅದಕ್ಕ, ಕೇಳೂದಿಲ್ಲ," ಎಂದರು. "ನಂಬಿ ಬಂದದ್ದಲ್ಲ ತಂಗಿ. ಎಷ್ಟ ಸಾವಿರ ಮೈಲಿನಿಂದ ಬಂದು ನನ್ನ ಮನೀನ ನೆನಪಿಟ್ಟದ."

ಹೂವು, ನೊಣ, ಬೇರೆಯವರ ಮನೆಯ ಬಟ್ಟಲು ಎಲ್ಲ ಇರುತ್ತವೆ, ಹಕ್ಕಿ ಹಾಗೆಲ್ಲ ಉಪವಾಸ ಬೀಳುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಗೊತ್ತದ," ಎನ್ನುತ್ತಿದ್ದರು. "ಹೋಟೆಲ್ ಅವ ಅಂತ ಮನೀಗೆ ಬಂದವರನ್ನ ಉಪಾಸ ಕಳಸ್ತೀಯೇನು?"

ಒಂದು ವರ್ಷ ಆ ಹೆದರಿಕೆಗೆ ನಿಜವಾದ ಪರೀಕ್ಷೆಯೇ ಬಂತು. ನಮ್ಮ ಕಡೆಯ ಹಮ್ಮಿಂಗ್‌ಬರ್ಡ್‌ಗಳು ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಹೊರಟುಹೋಗುತ್ತವೆ. ಬಟ್ಟಲು ತೆಗೆಯದಿದ್ದರೆ ಅವು ಹೋಗುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಆಂಟಿ ಅದಕ್ಕೆ, "ಹೊರಡೂ ಹೊತ್ತು ಅವಕ್ಕ ಗೊತ್ತದ, ನಮ್ಮ ಸಕ್ಕರಿಗೆ ಕಾಲ ತಿಳಿಯೂದಿಲ್ಲ," ಎಂದು, ಹಿಂದುಳಿದು ಬರುವವರಿಗೆ ಇರಲಿ ಎಂದು ಒಂದು ಬಟ್ಟಲನ್ನು ಇಟ್ಟೇ ಇರುತ್ತಿದ್ದರು. ಆ ನವೆಂಬರ್‌ನಲ್ಲಿ, ಮರಗಳೆಲ್ಲ ಬೋಳಾದ ಮೇಲೆ, ಬೇರೆಯೇ ಒಂದು ಹಕ್ಕಿ ಬಂತು. ಪಕ್ಕೆಯಲ್ಲಿ ದಾಲ್ಚಿನ್ನಿಯ ಬಣ್ಣ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಪರವಾನಗಿ ಇದ್ದ ಒಬ್ಬ ಅಮೆರಿಕನ್ ಮುದುಕರನ್ನು ಆಂಟಿ ಕರೆಸಿದರು. ಅವರು ಸಣ್ಣ ಬಲೆ ಒಡ್ಡಿ ಹಿಡಿದು, ತೂಗಿ, ಇದು ಪಶ್ಚಿಮ ಕರಾವಳಿಯ ಕಡೆಯ ಜಾತಿ, ದಾರಿ ಬೇರೆಯಾಗಿ ಇಲ್ಲಿಗೆ ಬಂದಿದೆ, ಚಳಿ ತಡೆಯುವ ಶಕ್ತಿ ಇದಕ್ಕೆ ಉಂಟು ಎಂದರು. ರಾತ್ರಿ ಮೈಯ ಬಿಸಿ ಇಳಿಸಿಕೊಂಡು ಸತ್ತಂತೆ ಬಿದ್ದಿರುತ್ತದಂತೆ. ಬೆಳಿಗ್ಗೆ ಎದ್ದ ಕೂಡಲೇ ಮಾತ್ರ ಏನಾದರೂ ಹೊಟ್ಟೆಗೆ ಬೀಳಬೇಕು.

ಆದರೆ ಆಂಟಿಯ ಮಗಳಿಗೆ ಡಿಸೆಂಬರ್ ಮೊದಲ ವಾರ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗದೆ ಇರುವ ಮಾತೇ ಇಲ್ಲ. ಟಿಕೆಟ್ ಯಾವಾಗಲೋ ಆಗಿತ್ತು. ಆಂಟಿ ಒಂದು ಕಡೆ ಅಂಟಿನ ಉಂಡೆ ಕಟ್ಟುತ್ತ, ಇನ್ನೊಂದು ಕಡೆ ಕಿಟಕಿಯಾಚೆ ನೋಡುತ್ತ ಒದ್ದಾಡಿದರು. ಹೊರಡುವ ಹಿಂದಿನ ದಿನ ಮನೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಯಾರ ಮ್ಯಾಲೂ ಇಂಥಾ ಭಾರ ಹಾಕಿಲ್ಲ ನಾ," ಎಂದರು.

ಭಾರವೇ ಸರಿ. ರಾತ್ರಿ ಬಟ್ಟಲು ಒಳಗೆ ತರಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಬೆಳಕು ಹರಿಯುವ ಮೊದಲೇ ಹೊರಗೆ ತೂಗುಹಾಕಬೇಕು. ಹಗಲಲ್ಲೂ ಮಂಜುಗಟ್ಟಿದರೆ ಒಳಗಿಟ್ಟಿದ್ದ ಇನ್ನೊಂದು ಬಟ್ಟಲು ತಂದು ಬದಲಿಸಬೇಕು. ಬೆಳಗಿನ ನಿದ್ದೆ ಅಂದರೆ ಪ್ರಾಣ ಬಿಡುವ ನಾನು ಗಂಡನ ದೊಡ್ಡ ಜಾಕೆಟ್ ಹಾಕಿಕೊಂಡು, ಬೈದುಕೊಳ್ಳುತ್ತ, ಆಂಟಿಯ ಡೆಕ್ ಹತ್ತುತ್ತಿದ್ದೆ. ಅಷ್ಟರಲ್ಲಿ ಫೋನು ಬರುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಆಗ ಇನ್ನೂ ಬೆಳಗಾಗಲು ಎಷ್ಟೋ ಹೊತ್ತು ಇರುತ್ತಿತ್ತು. "ಕೂಸು ಎಬ್ಬಿಸೇದ, ಎದ್ದೇ ಇದ್ದೆ. ಬಟ್ಟಲಾ ಹಚ್ಚೀ ಏನು? ಬಂತೇನು?" ಆ ಮೇಲೆ, "ಇಲ್ಲಿ ಇವಳ ಬಾಲ್ಕನಿಗೂ ಬರ್ತಾವ. ವರ್ಷಾ ಪೂರ್ತಿ ಇಲ್ಲೇ ಇರ್ತಾವಂತ. ಭಾಳ ಸೊಕ್ಕು," ಎಂದು ಅಲ್ಲಿನ ಹಕ್ಕಿಗಳ ಮೇಲೆ ಚಾಡಿ ಹೇಳುತ್ತಿದ್ದರು.

ಆಗ ನನ್ನ ಅಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದಳು. ನಾನು ಆಫೀಸಿಗೆ ಹೋಗುವ ದಿನ ಮಧ್ಯಾಹ್ನ ಬಟ್ಟಲು ಬದಲಿಸುವ ಕೆಲಸ ಅವಳದು. ಒಂದು ಮಂಗಳವಾರ ಮಧ್ಯಾಹ್ನವಿಡೀ ಕೊರೆಯುವ ಗಾಳಿ. ಸಂಜೆ ಬಂದು ಅಭ್ಯಾಸದಂತೆ ಡೆಕ್‌ಗೆ ಹೋದರೆ ಬಟ್ಟಲಲ್ಲಿ ಕಂದು ಬಣ್ಣದ ನೀರು. ಮೂಗಿನ ಹತ್ತಿರ ತಂದೆ. ಬೆಲ್ಲ, ಶುಂಠಿ.

"ಅಮ್ಮಾ, ಇದೇನಿದು?"

"ಪಾಪ ಕಣೇ, ಕೊಂಬೆ ಮೇಲೆ ಉಂಡೆ ಥರ ಮುದುರಿಕೊಂಡು ಕೂತಿತ್ತು. ಬರೀ ಸಕ್ಕರೆ ನೀರಲ್ಲಿ ಏನು ಸತ್ವ ಇರತ್ತೆ? ಚಳಿಗೆ ಒಳ್ಳೇದು ಅಂತ ಬೆಲ್ಲ ಶುಂಠಿ ಕುದಿಸಿ, ಬೆಚ್ಚಗೆ ಮಾಡಿ ಹಾಕಿದೆ. ನಿಂಗೆ ಶೀತ ಆದಾಗ ಕೊಡ್ತಿರಲಿಲ್ವಾ?"

"ಕುಡೀತಾ?"

"ಎರಡು ಸಲ ಕೊಕ್ಕಿಟ್ಟಿತು. ಆಮೇಲೆ ಬರಲೇ ಇಲ್ಲ."

ಬೆಲ್ಲ, ಜೇನುತುಪ್ಪ ಈ ಹಕ್ಕಿಗೆ ಕೂಡದು ಎಂದು ಆಂಟಿಯ ಬಾಯಲ್ಲಿ ನೂರು ಸಲ ಕೇಳಿದ್ದೆ. ಕತ್ತಲಾಗುತ್ತಿತ್ತು. ರಾತ್ರಿಗೆ ಮುಂಚೆ ಹೊಟ್ಟೆ ತುಂಬದಿದ್ದರೆ ಅದು ಬೆಳಗಿನವರೆಗೆ ಉಳಿಯುವುದು ಅನುಮಾನ. ಅಮ್ಮನ ಮೇಲೆ ಕೂಗಾಡಿದೆ. ಅವಳು ಕುರ್ಚಿಯ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳಲು ಶುರುಮಾಡಿದಳು. ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಮಗು ಅಳುವುದು ಕೇಳುತ್ತಿತ್ತು.

"ತಾಯಿ ಕೈಯಾಗ ಫೋನ್ ಕೊಡು," ಎಂದರು.

ನಾನು ಸ್ಪೀಕರ್ ಹಾಕಿ ಅಮ್ಮನ ಮುಂದೆ ಹಿಡಿದೆ.

"ವೈನಿ, ಅಳಬ್ಯಾಡ್ರಿ," ಎಂದರು ಆಂಟಿ, ಅಮ್ಮನನ್ನು ಅತ್ತಿಗೆಯಾಗಿ ಮಾಡಿಕೊಂಡು. "ನಾನೂ ಮೊದಲನೇ ವರ್ಷ ಜೇನುತುಪ್ಪ ಹಾಕಿದ್ದೆ. ದೇವರ ಅಭಿಷೇಕಕ್ಕ ನಡೀತದ, ಹಕ್ಕಿಗೆ ಯಾಕ ನಡಿಯಂಗಿಲ್ಲ ಅಂತ. ಆಮ್ಯಾಲೆ ತಿಳೀತು, ಅದರ ನಾಲಿಗಿಗೆ ಬೂಸ್ಟು ಹಿಡೀತದ. ಬೆಲ್ಲಾನೂ ಆಗಿಬರೂದಿಲ್ಲ. ನಮಗ ಛೊಲೋದು ಅದಕ್ಕ ಛೊಲೋದಲ್ಲ, ಅಷ್ಟೇ."

"ಸತ್ತುಹೋದ್ರೆ ಏನ್ರೀ ಮಾಡ್ಲಿ? ನೀವು ನಂಬಿ ಬಿಟ್ಟುಹೋಗಿದ್ರಿ," ಎಂದಳು ಅಮ್ಮ.

"ಎರಡ ಹನಿಗೆ ಏನೂ ಆಗೂದಿಲ್ಲ. ಈಗ ಬಟ್ಟಲಾ ಛೊಲೋ ತೊಳೀರಿ. ಸಕ್ಕರಿ ನೀರು ಹೊಸದು ಮಾಡ್ರಿ. ನಾಳೆ ಬೆಳಕು ಹರಿಯೂದ್ರಾಗ ನಿಮ್ಮ ಕೈಲೇ ಹಚ್ಚರಿ. ಬರ್ತದ." ಆಮೇಲೆ ದನಿ ಏರಿತು. "ಮತ್ತ, ಏ ತಂಗಿ, ತಾಯಿಗೆ ಬೈದಿ ಏನು? ಬೈಬ್ಯಾಡ. ಹಸಿದದ್ದು ಕಂಡು ಕರಳು ಚುರ್ ಅಂದದ. ಅಂಥವರ ಕಡೆನ ನಾ ಹಕ್ಕಿ ಬಿಟ್ಟು ಬಂದೀನಿ ಅಂತ ನನಗೀಗ ನಿದ್ದಿ ಬರ್ತದ."

ಅವರಿಗೆ ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಆಮೇಲೆ ಮಗಳು ಹೇಳಿದಳು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಲೇ ಇದ್ದರಂತೆ. ಅದನ್ನು ನಮಗೆ ತೋರಗೊಡಲಿಲ್ಲ. ಅಮ್ಮನ ಬೆನ್ನ ಮೇಲಿನ ಹೊರೆಯನ್ನು ಎತ್ತಿ ತಾವು ಹೊತ್ತುಕೊಂಡು ಸುಮ್ಮನಾದರು. ಇದನ್ನು ನೆನೆದಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಮರುದಿನ ಬೆಳಿಗ್ಗೆ ಅಮ್ಮ ಸೀರೆಯ ಮೇಲೆ ಎರಡು ಸ್ವೆಟರ್, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಬಟ್ಟಲು ತೂಗುಹಾಕಿದಳು. ದಿನಾ ಬರುವ ಹೊತ್ತಿಗೆ ಹಕ್ಕಿ ಬರಲಿಲ್ಲ. ಆಕಾಶ ಬೆಳ್ಳಗಾಯಿತು. ಸ್ಕೂಲ್ ಬಸ್ ಹೋಯಿತು. ಒಳಗೆ ಬಾ ಎಂದರೂ ಅಮ್ಮ ಅಲ್ಲಾಡಲಿಲ್ಲ. ಫೋನಿನಲ್ಲಿ ಆಂಟಿಯೂ ಕಾದಿದ್ದರು. ಬಿಸಿಲು ಬೇಲಿಯ ಪಕ್ಕದ ಸ್ಪ್ರೂಸ್ ಮರಕ್ಕೆ ತಗುಲಿ ಎಷ್ಟೋ ಹೊತ್ತಾದ ಮೇಲೆ ಆ ಮರದೊಳಗಿಂದ ಗುಂಯ್ ಎಂಬ ಸದ್ದು ಬಂತು. ಹಕ್ಕಿ ಬಂದು ಬಟ್ಟಲಿನ ಅಂಚಿನ ಮೇಲೆ ಕೂತು, ತಲೆ ಎತ್ತದೆ ಕುಡಿಯಿತು.

"ಬಂತು ಕಣ್ರೀ," ಎಂದಳು ಅಮ್ಮ.

ಆಂಟಿ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಕೂಸಿಗೆ ಎಣ್ಣಿ ಹಚ್ಚಬೇಕು, ಇಡ್ತೀನಿ," ಎಂದು ಫೋನ್ ಇಟ್ಟರು.

ಇನ್ನೂ ಸ್ವಲ್ಪ ದಿನ ಇದ್ದು, ಬಾನು ತಿಳಿಯಾಗಿದ್ದು ಉತ್ತರದ ಗಾಳಿ ಬೀಸುತ್ತಿದ್ದ ಒಂದು ದಿನದ ನಂತರ ಹಕ್ಕಿ ಕಾಣಲಿಲ್ಲ. ಹೋಯಿತೋ, ಸತ್ತಿತೋ, ಬೆಕ್ಕಿನ ಬಾಯಿಗೆ ಬಿತ್ತೋ, ತಿಳಿಯುವ ದಾರಿಯೇ ಇಲ್ಲ. ನನ್ನ ಕೈಲಿ ಇದನ್ನು ಆಂಟಿಗೆ ಹೇಳಲಾಗದೆ ಅಮ್ಮನೇ ಹೇಳಿದಳು. "ಹೊಟ್ಟಿ ತುಂಬಿಸಿಕೊಂಡು ಹೋತಲ್ಲ ವೈನಿ, ಮುಂದಿನದು ಅದರ ಹಾದಿ," ಎಂದರು. ಫೋನ್ ಇಡುವ ಮೊದಲು, "ಆದ್ರೂ ಇನ್ನೊಂದು ವಾರ ಹಚ್ಚಿಡ್ರಿ. ತಿರುಗಿ ಬಂದ್ರ?" ಎಂದರು. ಹಚ್ಚಿಟ್ಟೆವು. ಬರಲಿಲ್ಲ.

ಆಂಟಿ ಮಾರ್ಚ್‌ನಲ್ಲಿ ತಿರುಗಿ ಬಂದರು. ಮೊಮ್ಮಗಳ ಫೋಟೊ ತೋರಿಸಿದ್ದಕ್ಕಿಂತ ಹೆಚ್ಚು ನನ್ನ ಅಮ್ಮನನ್ನು ಹೊಗಳಿದರು. ಏಪ್ರಿಲ್ ಮಧ್ಯದಲ್ಲಿ ಎಂದಿನಂತೆ ಎರಡೂ ಬಟ್ಟಲು ತುಂಬಿಸಿಟ್ಟರು. ಮುಂದಿನ ವಾರ ಒಂದು ಬೆಳಿಗ್ಗೆ ಅವರ ಅಡುಗೆಮನೆಯ ದೀಪ ಹತ್ತಲಿಲ್ಲ. ನನ್ನ ಬಳಿ ಬೀಗದ ಕೈ ಇನ್ನೂ ಇತ್ತು. ನಿದ್ದೆಯಲ್ಲೇ ಹೋಗಿದ್ದರು. ಮುಖದಲ್ಲಿ ಯಾವ ಕಷ್ಟದ ಗುರುತೂ ಇರಲಿಲ್ಲ. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ಯಾರಿಗೂ ಫೋನ್ ಮಾಡದೆ, ಬಹಳ ಹೊತ್ತು ಅತ್ತೆ.

ಅವರಿಂದ ನನಗೆ ಏನು ಸಿಕ್ಕಿತು ಎಂದು ಕೇಳಿದರೆ ದೊಡ್ಡ ಮಾತುಗಳು ನನ್ನಲ್ಲಿ ಇಲ್ಲ. ಯಾರಿಗಾದರೂ ಏನಾದರೂ ಕೊಡುವಾಗ ಅದು ನನಗೆ ಇಷ್ಟವೋ ಎಂದು ಕೇಳಿಕೊಳ್ಳುತ್ತಿದ್ದವಳು, ಈಗ ಅದು ಅವರಿಗೆ ಆಗಿಬರುತ್ತದೆಯೋ ಎಂದು ಕೇಳಿಕೊಳ್ಳುತ್ತೇನೆ. ತಪ್ಪು ಮಾಡಿದವರಿಗೆ ಬೈಯುವ ಮೊದಲು ಬಟ್ಟಲು ತೊಳೆಯುತ್ತೇನೆ. ನನ್ನಂಥ ಮುಂಗೋಪಿಗೆ ಇಷ್ಟನ್ನು ಕಲಿಸಲು ಬೇರೆ ಯಾರಿಂದಲೂ ಆಗಿರಲಿಲ್ಲ.

ಹತ್ತನೆಯ ದಿನದ ಕ್ರಿಯೆ ಅವರ ಡೆಕ್ ಮೇಲೇ ನಡೆಯಿತು. ಕುರ್ಚಿ ಹಾಕಲು ಜಾಗ ಬೇಕೆಂದು ಯಾರೋ ಬಂಧುಗಳು ಎರಡು ದಿನ ಮುಂಚೆಯೇ ಬಟ್ಟಲುಗಳನ್ನು ಇಳಿಸಿ ಗ್ಯಾರೇಜಿನಲ್ಲಿ ಇಟ್ಟಿದ್ದರು. ಪುರೋಹಿತರು ಅನ್ನದ ಪಿಂಡವನ್ನು ಕಟಕಟೆಯ ಮೇಲಿಟ್ಟು, ಕಾಗೆ ಮುಟ್ಟುವವರೆಗೆ ಕಾಯಬೇಕು ಎಂದರು. ಹಿಲ್ಸ್‌ಬರೋದ ಕಾಗೆಗಳಿಗೆ ನಮ್ಮ ಶಾಸ್ತ್ರ ಎಲ್ಲಿ ಗೊತ್ತು? ಅಂಗಡಿಗಳ ಹಿಂದಿನ ಕಸದ ಡಬ್ಬಿ ಬಿಟ್ಟು ಬರುವುದಿಲ್ಲ. ಎಲ್ಲರೂ ಆಕಾಶ ನೋಡುತ್ತ ನಿಂತರು.

ಆಗ ಬಂತು, ಆ ವರ್ಷದ ಮೊದಲ ಹಮ್ಮಿಂಗ್‌ಬರ್ಡ್. ಕೆಂಪು ಕೊರಳಿನ ಗಂಡು. ಬಟ್ಟಲು ತೂಗುತ್ತಿದ್ದ ಜಾಗಕ್ಕೇ ನೇರ ಬಂದು, ಅಲ್ಲಿ ಏನೂ ಇಲ್ಲದ ಗಾಳಿಯಲ್ಲಿ ನಿಂತಿತು. ತೂತು ಇರಬೇಕಾದ ಎತ್ತರದಲ್ಲೇ ಕೊಕ್ಕು ಚಾಚಿತು. ಸ್ವಲ್ಪ ಸರಿದು ಮತ್ತೆ ಚಾಚಿತು. ಸುತ್ತು ಹಾಕಿ ಎಲ್ಲ ಕಡೆಯೂ ನೋಡಿತು.

"ನೋಡಿ ನೋಡಿ, ಆಂಟಿನೇ ಬಂದ್ರು!" ಎಂದು ಯಾರೋ ಉದ್ಗರಿಸಿದರು. ಎಲ್ಲರೂ ಫೋನ್ ಎತ್ತಿ ವಿಡಿಯೊ ಮಾಡತೊಡಗಿದರು. ಕೆಲವರು ಕೈ ಮುಗಿದರು.

ನನಗೆ ತಡೆಯಲಾರದ ಸಿಟ್ಟು ಬಂತು. "ಆಂಟಿ ಅಲ್ಲ ಅದು," ಎಂದೆ, ಜೋರಾಗಿಯೇ. "ಸಮುದ್ರ ದಾಟಿ ಬಂದಿರೋ ಹಕ್ಕಿ. ಹಸಿದಿದೆ." ಸೀದಾ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ನೀರಿಟ್ಟೆ. ಒಬ್ಬ ಹಿರಿಯ ಹೆಂಗಸು ಹಿಂದೆಯೇ ಬಂದು, ಕ್ರಿಯೆ ಮುಗಿಯುವವರೆಗೆ ಈ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಆಂಟಿಯ ಮಗಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಳಗೆ ಬಂದಳು. ಅತ್ತು ಅತ್ತು ಮುಖ ಊದಿತ್ತು.

"ಕಾಕು, ಪ್ಲೀಸ್, ಲೆಟ್ ಹರ್," ಎಂದಳು ಆ ಹಿರಿಯ ಹೆಂಗಸಿಗೆ. "ಅಮ್ಮ ಇದ್ದಿದ್ರ ಶೀ ವುಡ್ ಬಿ ಸೋ ಮ್ಯಾಡ್ ಅಟ್ ಅಸ್." ಮಗುವನ್ನು ನನ್ನ ಕೈಗೆ ಕೊಟ್ಟು, ತಾನೇ ಗ್ಯಾರೇಜಿಗೆ ಹೋಗಿ ಬಟ್ಟಲು ತಂದು, ಬ್ರಶ್ ಹುಡುಕಿ, ಒಂದೊಂದೇ ತೂತು ಉಜ್ಜಿ ತೊಳೆದಳು. ಸಕ್ಕರೆ ನೀರಿನ ಪಾತ್ರೆಯನ್ನು ಐಸಿನ ಮೇಲಿಟ್ಟು ಇಬ್ಬರೂ ಆರಿಸಿದೆವು.

ಜನರ ನಡುವೆಯೇ ದಾರಿ ಮಾಡಿಕೊಂಡು ಹೋಗಿ ಅವಳು ಬಟ್ಟಲನ್ನು ಕೊಕ್ಕೆಗೆ ಹಾಕಿದಳು. ಎಲ್ಲರೂ ಹಿಂದಕ್ಕೆ ಸರಿದರು. ಸ್ವಲ್ಪ ಹೊತ್ತಿಗೆ ಹಕ್ಕಿ ಎದುರಿನ ರೆಂಬೆಯಿಂದ ಇಳಿದು ಬಂದು, ಅಂಚಿನ ಮೇಲೆ ಕೂತು, ಕೊಕ್ಕು ಒಳಗಿಟ್ಟು ಕುಡಿಯತೊಡಗಿತು. ನಾನು, ಆಂಟಿಯ ಮಗಳು, ನನ್ನ ತೋಳಿನಲ್ಲಿದ್ದ ಮಗು, ಮೂವರೂ ಅದನ್ನೇ ನೋಡುತ್ತ ನಿಂತೆವು. ಕಾಗೆ ಬಂದು ಪಿಂಡ ಮುಟ್ಟಿತೋ ಇಲ್ಲವೋ, ನಾನು ನೋಡಲಿಲ್ಲ.